ಬೀಜ ಸತ್ತದೋ, ಚಳಿಗೆ ಮಲಗೇದೋ? – ಮನೆಯಂಗಳದಲ್ಲಿ ಮರಗಳ ಸಸಿ ಮಾಡುವ ಬಗೆ



ಸಂಕ್ರಾಂತಿ ಸುಮಾರಿಗೆ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕಿನ ಹಳ್ಳಿಗಳಿಗೆ ಹೋದಾಗ, ಮಹಿಳಾ ಸಂಘದ ಸಭೆಯಲ್ಲಿ ಒಂದು ದೂರು ನಮ್ಮ ಕಿವಿಗೆ ಬಿದ್ದೇ ಬೀಳುತ್ತದೆ. "ಬೀಜ ಹಾಕಿ ತಿಂಗಳಾತ್ರಿ. ದಿನಾ ನೀರು ಹಾಕ್ತೀವಿ. ಒಂದೂ ಮೊಳಕಿ ಒಡದಿಲ್ಲ. ಬೀಜಾನೇ ಖೊಟ್ಟಿ ಇರಬೇಕು."

ಖೊಟ್ಟಿ ಇರಬಹುದು, ಇರದೆಯೂ ಇರಬಹುದು. ಮೊಳಕೆ ಬಾರದಿರುವುದಕ್ಕೆ ಮುಖ್ಯವಾಗಿ ಮೂರು ಕಾರಣಗಳಿವೆ. ಬೀಜ ಹಳೆಯದಾಗಿ ಸತ್ತಿರುತ್ತದೆ, ಇಲ್ಲವೇ ಅದರ ಸಿಪ್ಪೆ ಗಟ್ಟಿ ಇದ್ದು ನೀರು ಒಳಗೆ ಹೋಗಿರುವುದಿಲ್ಲ, ಇಲ್ಲವೇ ಮಣ್ಣು ತಣ್ಣಗಿದ್ದು ಬೀಜ ಸುಮ್ಮನೆ ಮಲಗಿರುತ್ತದೆ. ಮೊದಲನೆಯದಕ್ಕೆ ಔಷಧಿ ಇಲ್ಲ. ಉಳಿದೆರಡಕ್ಕೆ ಇದೆ, ಖರ್ಚೂ ಇಲ್ಲ. ಯಾವುದು ಯಾವುದೆಂದು ಗುರುತಿಸಲು ಬಾರದೆ ನಾವೇ ಒಮ್ಮೆ ಸೋತಿದ್ದೇವೆ. ಅದನ್ನು ಮೊದಲು ಹೇಳಿ ಮುಂದಿನ ಮಾತಿಗೆ ಹೋಗುತ್ತೇವೆ.

ನಮ್ಮಿಂದಲೇ ಆದ ತಪ್ಪು

ಕೆಲವು ವರ್ಷಗಳ ಹಿಂದೆ ಒಂದು ಸಂಘದವರು ಸಸಿ ಮಾಡಿ ಮಾರುವ ವಿಚಾರಕ್ಕೆ ಸಂಘದಿಂದಲೇ ಸಾಲ ತೆಗೆದರು. ಸಲಹೆ ಕೊಟ್ಟವರು ನಾವು. ಜುಲೈ ತಿಂಗಳಲ್ಲಿ ಬೇವಿನ ಗಿಡದ ಕೆಳಗೆ ಬಿದ್ದ ಬೀಜ ಆರಿಸಿ, ಬಿಸಿಲಿಗೆ ಚೆನ್ನಾಗಿ ಒಣಗಿಸಿ, ಡಬ್ಬಿಯಲ್ಲಿ ತುಂಬಿ ಮುಚ್ಚಿಟ್ಟರು. ಹಿಂಗಾರಿ ಬಿತ್ತನೆ ಮುಗಿದು ಕೈ ಬಿಡುವಾದ ಮೇಲೆ, ಡಿಸೆಂಬರಿನಲ್ಲಿ ಅರ್ಧ ಚೀಲಕ್ಕೆ ಬೇವು, ಇನ್ನರ್ಧ ಚೀಲಕ್ಕೆ ಹುಣಸೆ ಹಾಕಿದರು.

ಒಂದು ತಿಂಗಳು ಕಾದರು. ಯಾವುದೂ ಮೇಲೆ ಬರಲಿಲ್ಲ. "ತಿರುಗಿ ಬೇರೆ ಹಾಕೋಣ" ಎಂದು ಚೀಲಗಳ ಮಣ್ಣನ್ನು ತಿಪ್ಪೆಗೆ ಸುರಿದರು. ನಾವೂ ಬೇಡ ಅನ್ನಲಿಲ್ಲ. ಒಬ್ಬ ಅಕ್ಕ ಮಾತ್ರ ತನ್ನ ಪಾಲಿನ ಹುಣಸೆ ಚೀಲಗಳನ್ನು ಸುರಿಯದೆ ಗೋಡೆ ಬದಿಗೆ ಇಟ್ಟಿದ್ದಳು. ಫೆಬ್ರವರಿಯಲ್ಲಿ ಬಿಸಿಲು ಏರಿದಂತೆ ಆ ಚೀಲಗಳಲ್ಲಿ ಒಂದಾದ ಮೇಲೊಂದು ಹುಣಸೆ ತಲೆ ಎತ್ತಿತು. ಬೇವಿನ ಬೀಜ ಡಬ್ಬಿಯಲ್ಲಿದ್ದಾಗಲೇ ಸತ್ತಿತ್ತು. ಹುಣಸೆ ಬೀಜ ಜೀವಂತ ಇತ್ತು, ಚಳಿಗೆ ಮಲಗಿತ್ತು ಅಷ್ಟೇ. ಸತ್ತದ್ದರ ಜೊತೆ ಬದುಕಿದ್ದನ್ನೂ ತಿಪ್ಪೆಗೆ ಹಾಕಿದ್ದೆವು. ಆ ಸಾಲವನ್ನು ಅಕ್ಕಂದಿರು ಕೂಲಿ ಹಣದಿಂದ ತೀರಿಸಬೇಕಾಯಿತು. ಇಂಥದು ಇನ್ನೊಂದು ಸಂಘಕ್ಕೆ ಆಗಬಾರದೆಂದೇ ಈ ನಾಲ್ಕು ಮಾತು.

ಕಾಯುವ ಬೀಜ, ಕಾಯದ ಬೀಜ

ಬೀಜಗಳಲ್ಲಿ ಎರಡು ಗುಣದವು ಇವೆ. ಕೆಲವು ಒಣಗಿಸಿಟ್ಟರೆ ತಿಂಗಳುಗಟ್ಟಲೆ, ವರ್ಷಗಟ್ಟಲೆ ಕಾಯುತ್ತವೆ. ಹುಣಸೆ, ಕರಿಜಾಲಿ, ಬನ್ನಿ ಇಂಥವು. ಸೀತಾಫಲ, ಹೊಂಗೆಯ ಬೀಜಗಳೂ ಕೆಲವು ತಿಂಗಳು ತಾಳುತ್ತವೆ.

ಇನ್ನು ಕೆಲವು ಕಾಯುವುದಿಲ್ಲ. ನೇರಳೆ ಬೀಜ ಹಣ್ಣು ತಿಂದ ಎರಡು ವಾರದೊಳಗೆ ಮಣ್ಣು ಸೇರಬೇಕು, ಒಣಗಿದರೆ ಮುಗಿಯಿತು. ಮಾವಿನ ಗೊರಟೆಯೂ ಹಾಗೇ. ಬೇವು ಇವಕ್ಕಿಂತ ಸ್ವಲ್ಪ ಗಟ್ಟಿ, ಆದರೂ ಎರಡು ಮೂರು ವಾರದೊಳಗೆ ಹಾಕುವುದು ಕ್ಷೇಮ. ಹಳದಿ ಹಣ್ಣು ಆರಿಸಿ, ಮೇಲಿನ ತಿರುಳು ತೊಳೆದು, ನೆರಳಲ್ಲಿ ಎರಡು ಮೂರು ದಿನ ಆರಿಸಿ, ಬಟ್ಟೆ ಚೀಲದಲ್ಲಿ ಗಾಳಿಯಾಡುವಂತೆ ಇಡಬೇಕು. ಡಬ್ಬಿಯಲ್ಲಿ ಮುಚ್ಚಿಡಬಾರದು.

ತೊಗರಿಯ ಕಾಯಿಕೊರಕ ಹುಳುವಿಗೆ ಬೇವಿನ ಬೀಜದ ಕಷಾಯ ಹೊಡೆಯುವ ರೈತರು ನಮ್ಮಲ್ಲಿ ಬಹಳ ಮಂದಿ. ಕಷಾಯಕ್ಕೆಂದು ಬಿಸಿಲಲ್ಲಿ ಒಣಗಿಸಿಟ್ಟ ಬೀಜ ಕಷಾಯಕ್ಕೆ ಮಾತ್ರ. ಅದನ್ನು ಸಸಿಗೆ ಉಪಯೋಗಿಸಬೇಡಿ. ಎರಡು ಕೆಲಸಕ್ಕೆ ಎರಡು ಚೀಲ ಬೇರೆ ಬೇರೆ ಮಾಡಿ.

ಗಿಡವೇ ನಮಗೆ ಹೊತ್ತು ಹೇಳುತ್ತದೆ. ಬೇವು, ನೇರಳೆ ಮುಂಗಾರಿನ ಹೊತ್ತಿಗೆ ಹಣ್ಣು ಉದುರಿಸುತ್ತವೆ, ಯಾಕೆಂದರೆ ಅವುಗಳ ಬೀಜಕ್ಕೆ ಅದೇ ಹದ. ಹುಣಸೆ ಬೇಸಿಗೆಯಲ್ಲಿ ಉದುರುತ್ತದೆ, ಅದರ ಬೀಜ ಮಳೆವರೆಗೆ ಕಾಯಬಲ್ಲದು.

ಬಿಸಿಲ ನಾಡಿನಲ್ಲೂ ಚಳಿ ಉಂಟು

"ಕಲಬುರಗಿ ಬಿಸಿಲಿಗೆ ಚಳಿ ಎಲ್ಲಿಂದ ಬಂತ್ರಿ?" ಎಂದು ನಗುವವರಿದ್ದಾರೆ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಊರು ನಮ್ಮದು, ನಿಜ. ಅದೇ ಊರಲ್ಲಿ ಡಿಸೆಂಬರ್, ಜನವರಿ ರಾತ್ರಿ 15 ಡಿಗ್ರಿಗಿಂತ ಕೆಳಗೆ ಇಳಿಯುವುದುಂಟು. ಭೀಮಾ ದಂಡೆಯ, ಅಮರ್ಜಾ ದಂಡೆಯ ಹೊಲಗಳಲ್ಲಿ ನಸುಕಿನ ಇಬ್ಬನಿಗೆ ಕಾಲು ಮರಗಟ್ಟುವುದು ನಿಮಗೇ ಗೊತ್ತು. ಹುಣಸೆ, ಸೀತಾಫಲದಂಥ ಬಿಸಿನಾಡಿನ ಮರದ ಬೀಜಕ್ಕೆ ಮಣ್ಣು 25ರಿಂದ 30 ಡಿಗ್ರಿ ಬೆಚ್ಚಗಿದ್ದರೆ ಹಿತ. ಅದಕ್ಕಿಂತ ತಣ್ಣಗಾದರೆ ಒಳಗಿನ ಕೆಲಸ ನಿಧಾನವಾಗುತ್ತದೆ. ಬೇಸಿಗೆಯಲ್ಲಿ ಒಂದೆರಡು ವಾರದಲ್ಲಿ ಮೊಳೆಯುವ ಹುಣಸೆ, ಚಳಿಯಲ್ಲಿ ತಿಂಗಳು ಮೀರಿ ಹಿಡಿಯಬಹುದು. ಅಷ್ಟು ದಿನ ಒದ್ದೆ ಮಣ್ಣಲ್ಲಿ ಇರುವುದರಿಂದ ಎಷ್ಟೋ ಬೀಜ ಕೊಳೆಯುವುದೂ ಉಂಟು.

ಚಳಿ ದೇಶಗಳಲ್ಲಿ ನೆಲೆಸಿದ ನಮ್ಮವರೂ ಹಂಬಲಕ್ಕೆ ಕುಂಡದಲ್ಲಿ ಹುಣಸೆ, ಕರಿಬೇವು ಬೆಳೆಸುತ್ತಾರೆ. ಅವರು ಮೊದಲು ನೋಡುವುದು ಬೆಚ್ಚಗಿನ ಜಾಗ. ಕುಂಡವನ್ನು ಮನೆಯೊಳಗೆ ಬಿಸಿಲು ಬೀಳುವ ಕಿಟಕಿಯಲ್ಲಿ ಇಡುತ್ತಾರೆ, ಬೀಜದ ಮೇಲೆ ಪ್ಲಾಸ್ಟಿಕ್ ಹೊದಿಸುತ್ತಾರೆ. ಚಳಿಗಾಲ ಮುಗಿಯುವವರೆಗೆ ಗಿಡವನ್ನು ಹೊರಗೆ ಬಿಡುವುದೇ ಇಲ್ಲ. ನಮಗೆ ಇಷ್ಟೆಲ್ಲ ಬೇಕಿಲ್ಲ. ನಮ್ಮ ಚಳಿ ಎರಡು ತಿಂಗಳಿನದು. ಅದು ದಾಟುವವರೆಗೆ ತಾಳ್ಮೆ ಇದ್ದರೆ ಸಾಕು.

ಹಾಗಾದರೆ ಮಾಡುವುದೇನು?

1. ಡಿಸೆಂಬರ್, ಜನವರಿಯಲ್ಲಿ ಬೀಜ ಹಾಕುವ ಅವಸರ ಬೇಡ. ಆ ಎರಡು ತಿಂಗಳು ಚೀಲ, ಮಣ್ಣು, ಗೊಬ್ಬರ ಸಿದ್ಧ ಮಾಡಿಕೊಳ್ಳಿ. ಫೆಬ್ರವರಿ ಮೊದಲ ವಾರ ಹಾಕಿದ ಹುಣಸೆ ಜೂನ್ ಕೊನೆಗೆ ನಾಲ್ಕೂವರೆ ತಿಂಗಳ ಸಸಿ. ಮಿರಗಾ ಮಳೆ ಬಿದ್ದು ನೆಲ ತಣಿದ ಮೇಲೆ ನೆಡಲು ಅದು ತಯಾರಿರುತ್ತದೆ.

2. ಬೇಗ ಹಾಕಲೇಬೇಕೆಂದರೆ ಚೀಲಗಳನ್ನು ದಕ್ಷಿಣದ ಬಿಸಿಲು ಬೀಳುವ ಗೋಡೆಯ ಬುಡದಲ್ಲಿ ಒತ್ತೊತ್ತಾಗಿ ಜೋಡಿಸಿ. ರಾತ್ರಿ ಗೋಣಿ ಹೊದಿಸಿ, ಬಿಸಿಲೇರಿದ ಮೇಲೆ ತೆಗೆಯಿರಿ. ಸಂಜೆ ನೀರು ಬೇಡ, ರಾತ್ರಿ ಮಣ್ಣು ಇನ್ನೂ ತಣ್ಣಗಾಗುತ್ತದೆ. ಬೆಳಿಗ್ಗೆ ಒಂಬತ್ತು ಗಂಟೆಯ ನಂತರ ಸ್ವಲ್ಪವೇ ಹಾಕಿ.

3. ಇನ್ನೂ ಸುಲಭದ ದಾರಿ ಎಂದರೆ ಮೊಳಕೆ ಬರಿಸಿ ಹಾಕುವುದು. ಹೆಸರುಕಾಳು ಮೊಳಕೆ ಕಟ್ಟುವಂತೆ ಹುಣಸೆ ಬೀಜವನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿ ಅಡುಗೆ ಮನೆಯಲ್ಲಿ ಒಲೆಗೆ ದೂರ, ಬೆಚ್ಚಗಿನ ಮೂಲೆಯಲ್ಲಿ ಇಡಿ. ಬಟ್ಟೆ ದಿನಕ್ಕೊಮ್ಮೆ ಬದಲಿಸಿ. ಬಿಳಿ ಬೇರು ಇಣುಕಿದ ಬೀಜವನ್ನಷ್ಟೇ ಚೀಲಕ್ಕೆ ಹಾಕಿದರೆ ಖಾಲಿ ಚೀಲಕ್ಕೆ ನೀರು ಹೊರುವ ಕೆಲಸ ತಪ್ಪುತ್ತದೆ.

ಸತ್ತಿದೆಯೋ ಇಲ್ಲವೋ, ಹೀಗೆ ನೋಡಿ

ಮಣ್ಣು ಸುರಿಯುವ ಮುಂಚೆ ನಾಲ್ಕೈದು ಬೀಜ ಬಗೆದು ತೆಗೆಯಿರಿ. ಬೆರಳಿಂದ ಒತ್ತಿ. ಪಿಚಕ್ಕನೆ ಕೊಳೆತು ವಾಸನೆ ಬಂದರೆ ಸತ್ತಿದೆ. ಗಟ್ಟಿ ಇದ್ದರೆ ಚಾಕುವಿನಿಂದ ಸೀಳಿ. ಹುಣಸೆಯ ಒಳಗೆ ಬೆಳ್ಳಗೆ, ಗಟ್ಟಿಯಾಗಿ ಇದ್ದರೆ ಜೀವ ಇದೆ, ಕಾಯಿರಿ. ಬೇವಿನ ಬೀಜದ ಒಳಗೆ ಹಸಿರು ಬಣ್ಣ ಇದ್ದರೆ ಒಳ್ಳೆಯದು. ಕಂದು ಬಣ್ಣಕ್ಕೆ ತಿರುಗಿ ಸುಕ್ಕುಗಟ್ಟಿದ್ದರೆ ಆಸೆ ಬಿಡಿ.

ಹಾಕುವ ಮೊದಲೇ ಪರೀಕ್ಷೆ ಮಾಡುವುದು ಇನ್ನೂ ಜಾಣತನ. 20 ಬೀಜ ಎಣಿಸಿ ಒದ್ದೆ ಬಟ್ಟೆಯಲ್ಲಿ ಕಟ್ಟಿ. 10 ಮೊಳೆತರೆ ಚೀಲಕ್ಕೆ ಎರಡೆರಡು ಬೀಜ ಹಾಕಬೇಕೆಂದು ಲೆಕ್ಕ. ಒಂದೆರಡೇ ಮೊಳೆತರೆ ಆ ಬೀಜಕ್ಕೆ ಮಣ್ಣು, ಗೊಬ್ಬರ, ದುಡಿಮೆ ದಂಡ ಮಾಡಬೇಡಿ.

ಗಟ್ಟಿ ಸಿಪ್ಪೆಯ ಬೀಜ

ಕರಿಜಾಲಿಯ ಸಿಪ್ಪೆ ಗಟ್ಟಿ. ನೀರು ಕುದಿಸಿ ಒಲೆಯಿಂದ ಇಳಿಸಿ, ಕುದಿ ನಿಂತು ಸ್ವಲ್ಪ ಹೊತ್ತಾದ ಮೇಲೆ ಬೀಜ ಹಾಕಿ, ಹಾಗೇ ಆರಲು ಬಿಟ್ಟು ಒಂದು ರಾತ್ರಿ ನೆನೆಸಬೇಕು. ಬೀಜ ಹಾಕಿ ಕುದಿಸಬಾರದು, ಬೆಂದು ಹೋಗುತ್ತದೆ. ಬೆಳಿಗ್ಗೆ ಉಬ್ಬಿದ ಬೀಜ ಹಾಕಿ, ಉಬ್ಬದೆ ಉಳಿದವಕ್ಕೆ ಇನ್ನೊಮ್ಮೆ ಹಾಗೆ ಮಾಡಿ. ಆಡುಗಳು ಜಾಲಿಕಾಯಿ ತಿಂದು ಮೆಲುಕು ಹಾಕುವಾಗ ದೊಡ್ಡಿಯಲ್ಲಿ ಉಗುಳುವ ಬೀಜ ಬೇಗ ಮೊಳೆಯುತ್ತದೆ ಎಂದು ಆಡು ಮೇಯಿಸುವವರಿಗೆ ಗೊತ್ತು. ಹುಣಸೆ, ಬನ್ನಿಗೆ ಒಂದು ಹಗಲು ಒಂದು ರಾತ್ರಿ ತಣ್ಣೀರಲ್ಲಿ ನೆನೆಸಿದರೂ ನಡೆಯುತ್ತದೆ. ಬೇವು, ನೇರಳೆ, ಸೀತಾಫಲಕ್ಕೆ ಬಿಸಿನೀರು ಬೇಡವೇ ಬೇಡ. ಸೀತಾಫಲದ ಬೀಜ ಕುಟ್ಟುವುದು, ಒಡೆಯುವುದು ಮಾಡಬೇಡಿ. ಅದರ ಪುಡಿ ಕಣ್ಣಿಗೆ ಬಿದ್ದರೆ ಕಣ್ಣಿಗೆ ಪೆಟ್ಟು.

ಚೀಲದ ಮಣ್ಣಿಗೆ ಎರಡು ಪಾಲು ಕೆಂಪು ಮಣ್ಣು ಅಥವಾ ಹೊಳೆ ದಂಡೆಯ ಮೆಕ್ಕಲು, ಒಂದು ಪಾಲು ಉಸುಕು, ಒಂದು ಪಾಲು ಚೆನ್ನಾಗಿ ಕಳಿತ ತಿಪ್ಪೆ ಗೊಬ್ಬರ. ಬರೀ ಎರಿ ಮಣ್ಣು ತುಂಬಿದರೆ ಒದ್ದೆಯಾದಾಗ ನೀರು ನಿಲ್ಲುತ್ತದೆ, ಒಣಗಿದಾಗ ಬಿರಿದು ಎಳೆ ಬೇರು ಹರಿಯುತ್ತದೆ. ಚೀಲದ ಕೆಳಗೆ ತೂತು ಇರಲಿ. ಬೀಜದ ದಪ್ಪದ ಎರಡರಷ್ಟು ಆಳಕ್ಕೆ ಹಾಕಿದರೆ ಸಾಕು.

ಎಳೆಯದರಲ್ಲೇ ಗುರುತು ಹಿಡಿಯಿರಿ

ಮೊಳಕೆ ಬಂದ ಮೇಲೆ ಇನ್ನೊಂದು ತೊಂದರೆ. ಎಳೆ ಸಸಿ ದೊಡ್ಡ ಮರದ ಹಾಗೆ ಇರುವುದಿಲ್ಲ. ಮೊದಲು ಬರುವ ದಪ್ಪ ಎಲೆ ಬೀಜದ ಬೇಳೆ. ನಿಜವಾದ ಎಲೆ ಆಮೇಲೆ ಬರುತ್ತದೆ. ಕಸ ಎಂದು ಸಸಿ ಕಿತ್ತವರನ್ನೂ, ಸಸಿ ಎಂದು ಕಸಕ್ಕೆ ನೀರು ಹಾಕಿದವರನ್ನೂ ನೋಡಿದ್ದೇವೆ. ಕೆಲವು ಗುರುತುಗಳನ್ನು ನೆನಪಿಡಿ.

ಹುಣಸೆ: ಎರಡು ದಪ್ಪ ಬೇಳೆಗಳು ಮಣ್ಣಿನ ಮೇಲೆ ಎದ್ದು ಬರುತ್ತವೆ. ಮೊದಲ ಎಲೆಯೇ ದೊಡ್ಡ ಗಿಡದ ಎಲೆಯಂತೆ ಸಾಲುಸಾಲು ಸಣ್ಣ ಎಲೆಗಳಿಂದ ಕೂಡಿರುತ್ತದೆ. ರಾತ್ರಿ ಮಡಚಿಕೊಳ್ಳುತ್ತದೆ.

ಹೊಂಗೆ: ಬೇಳೆ ಮಣ್ಣಿನ ಒಳಗೇ ಉಳಿಯುತ್ತದೆ, ಕಾಂಡ ಮಾತ್ರ ಮೇಲೆ ಬರುತ್ತದೆ. ಮೊದಮೊದಲ ಎಲೆಗಳು ಒಂಟಿ, ಅಗಲ, ನುಣುಪು. ಒಂದು ಕಡ್ಡಿಗೆ ಐದು, ಏಳು ಎಲೆ ಇರುವ ರೂಪ ಆಮೇಲೆ ಬರುತ್ತದೆ.

ಬೇವು: ಮೊದಲ ಜೋಡಿ ಎಲೆಗಳು ಎದುರುಬದುರು. ಒಂದೊಂದರಲ್ಲಿ ಮೂರು ಎಲೆಗಳು, ಅಂಚು ಗರಗಸದಂತೆ ಕಚ್ಚು ಕಚ್ಚಾಗಿ ಇರುತ್ತದೆ.

ಹುಚ್ಚು ಬೇವು, ಹೆಬ್ಬೇವು: ಬೇವಿನಂತೆಯೇ ಕಾಣುತ್ತವೆ, ಮೋಸ ಹೋಗುವುದು ಇಲ್ಲಿಯೇ. ಬೆಳೆದ ಬೇವಿನ ಎಲೆಯಲ್ಲಿ ಒಂದು ಕಡ್ಡಿ, ಅದರ ಎರಡೂ ಬದಿಗೆ ಎಲೆ. ಇವುಗಳಲ್ಲಿ ಕಡ್ಡಿಯಿಂದ ಮತ್ತೆ ಚಿಕ್ಕ ಕಡ್ಡಿ ಒಡೆದು ಅದಕ್ಕೆ ಎಲೆ. ಇವುಗಳ ಒಂದೇ ಗೊರಟೆಯಲ್ಲಿ ಹಲವು ಬೀಜ ಇರುವುದರಿಂದ ಒಂದೇ ಜಾಗದಲ್ಲಿ ಎರಡು ಮೂರು ಸಸಿ ಗುಂಪಾಗಿ ಏಳಬಹುದು. ಹುಚ್ಚು ಬೇವಿನ ಹಣ್ಣು ವಿಷ. ಮಕ್ಕಳ ಬಾಯಿಗೆ ಹೋಗದಂತೆ ನೋಡಿಕೊಳ್ಳಿ.

ನೇರಳೆ: ಎಲೆ ಎದುರುಬದುರು, ನುಣುಪು. ಇದರಲ್ಲೂ ಒಂದೇ ಬೀಜದಿಂದ ಎರಡು ಮೂರು ಸಸಿ ಬರುವುದುಂಟು. ಗಟ್ಟಿಯಾದದ್ದೊಂದು ಉಳಿಸಿ.

ಬನ್ನಿ ಎಂದು ಬಳ್ಳಾರಿ ಜಾಲಿ ಸಾಕಿದ ಕಥೆ

ಗುರುತು ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ನಾವು ಕಂಡ ಇನ್ನೊಂದು ಸಂಗತಿ ಹೇಳುತ್ತೇವೆ. ಒಂದು ಊರಲ್ಲಿ ಹಳೆಯ ಬನ್ನಿ ಗಿಡ ಒಣಗಿ ಬಿತ್ತು. ದಸರೆಗೆ ಬನ್ನಿ ಮುಡಿಯಲು ಹೊಸ ಗಿಡ ಬೇಕೆಂದು ಊರವರು ಕಾಯಿ ತಂದರು, ಸಂಘದವರು ಚೀಲದಲ್ಲಿ ಬೀಜ ಹಾಕಿದರು. ಚೀಲಕ್ಕೆ ಹಾಕಿದ್ದು ಆಡಿನ ಹಸಿ ಗೊಬ್ಬರ. ಸಸಿ ಬಂತು, ದಬದಬ ಬೆಳೆಯಿತು. ಎಲ್ಲರಿಗೂ ಖುಷಿ. ಕಟ್ಟೆ ಕಟ್ಟಿ ನೆಟ್ಟರು. ಮೂರನೇ ವರ್ಷ ಅದು ದಪ್ಪ ಹಳದಿ ಕಾಯಿ ಬಿಟ್ಟಾಗ ಹಿರಿಯರೊಬ್ಬರು, "ಇದು ಬನ್ನಿ ಅಲ್ಲೋ ತಮ್ಮಾ, ಬಳ್ಳಾರಿ ಜಾಲಿ" ಅಂದರು. ಅಷ್ಟರಲ್ಲಿ ಆಡು ದನ ಕಾಯಿ ತಿಂದು ಪಕ್ಕದ ಹೊಲದ ಒಡ್ಡಿನ ತುಂಬ ಬೀಜ ಬಿತ್ತಿಯಾಗಿತ್ತು.

ಬಳ್ಳಾರಿ ಜಾಲಿ ನಮ್ಮ ನೆಲದ್ದಲ್ಲ. 19ನೇ ಶತಮಾನದ ಕೊನೆಯ ಭಾಗದಲ್ಲಿ ಅಮೆರಿಕ ಖಂಡದ ಕಡೆಯಿಂದ ಇಂಡಿಯಾಕ್ಕೆ ತಂದದ್ದು. ಉರುವಲಿಗೆ ಉಪಯೋಗ ಇದೆ, ಆದರೆ ಒಮ್ಮೆ ಹೊಲ ಹಿಡಿದರೆ ಬೇರು ಸಮೇತ ಕೀಳಿಸದೆ ಬಿಡುವುದಿಲ್ಲ. ಅದರ ಬೀಜ ದನದ ಹೊಟ್ಟೆಯೊಳಗೂ ಸಾಯದೆ ಗೊಬ್ಬರದೊಂದಿಗೆ ಹೊರಗೆ ಬರುತ್ತದೆ. ಆ ಊರಲ್ಲಿ ಆದದ್ದೂ ಇದೇ. ಬನ್ನಿ ಬೀಜ ಏಳುವ ಮೊದಲೇ ಗೊಬ್ಬರದಲ್ಲಿದ್ದ ಜಾಲಿ ಎದ್ದಿತ್ತು. ಆದ್ದರಿಂದಲೇ ಗೊಬ್ಬರ ತಿಪ್ಪೆಯಲ್ಲಿ ಬಿಸಿಯೇರಿ ಪೂರ್ತಿ ಕಳಿತಿರಬೇಕು ಎಂದು ಮತ್ತೆ ಮತ್ತೆ ಹೇಳುವುದು.

ಬನ್ನಿಯ ಬೆಲೆ ಬೇರೆ. ಬರಗಾಲದಲ್ಲೂ ಹಸಿರಿರುತ್ತದೆ, ಸೊಪ್ಪು ಆಡಿಗೆ ಮೇವು, ಹೊಲದಲ್ಲಿದ್ದರೆ ಬೆಳೆಗೆ ಅಷ್ಟು ಅಡ್ಡಿ ಇಲ್ಲ. ನೆರೆಯ ತೆಲಂಗಾಣಕ್ಕೂ ದೂರದ ರಾಜಸ್ಥಾನಕ್ಕೂ ಇದೇ ರಾಜ್ಯ ವೃಕ್ಷ. ರಾಜಸ್ಥಾನದ ಖೇಜಡ್ಲಿ ಗ್ರಾಮದಲ್ಲಿ 1730ರಲ್ಲಿ ಈ ಮರ ಕಡಿಯುವುದನ್ನು ತಡೆಯಲು ಹೋಗಿ ಅಮೃತಾ ದೇವಿ ಸೇರಿ 363 ಮಂದಿ ಬಿಷ್ಣೋಯಿಗಳು ಪ್ರಾಣ ಕೊಟ್ಟರು.

ಬೇಳೆ ಎಲೆ ಇರುವಾಗ ಈ ಎರಡನ್ನೂ ಬೇರ್ಪಡಿಸುವುದು ಕಷ್ಟ. ಎರಡು ಮೂರು ತಿಂಗಳು ತಾಳಿ, ಮುಳ್ಳು ನೋಡಿ. ಬನ್ನಿಯ ಮುಳ್ಳು ಚಿಕ್ಕದು, ಬುಡ ಅಗಲ, ಕಾಂಡದ ಮೇಲೆ ಅಲ್ಲಲ್ಲಿ ಚೆದುರಿ ಇರುತ್ತದೆ. ಬಳ್ಳಾರಿ ಜಾಲಿಯ ಮುಳ್ಳು ಎಲೆ ಹುಟ್ಟುವ ಗಿಣ್ಣಿನಲ್ಲೇ, ಹೆಚ್ಚಾಗಿ ಜೋಡಿ. ನಮ್ಮ ಕರಿಜಾಲಿಗೂ ಗಿಣ್ಣಿನಲ್ಲಿ ಜೋಡಿ ಮುಳ್ಳು, ಆದರೆ ಉದ್ದ, ನೇರ, ಬಿಳಿ. ಅದರ ಎಲೆ ತೀರಾ ಸಣ್ಣ. ಬೆಳವಣಿಗೆಯೂ ಗುರುತೇ. ಬನ್ನಿ ಮೊದಲ ವರ್ಷ ಬೇರನ್ನು ಆಳಕ್ಕೆ ಇಳಿಸುತ್ತದೆ, ಮೇಲೆ ನಿಧಾನ. ದಬದಬ ಎದ್ದರೆ ಸಂಶಯ ಪಡಿ. ಕಾಯಿ ತರುವಾಗಲೂ ನೋಡಿ ತನ್ನಿ: ಬನ್ನಿ ಕಾಯಿ ಸಪೂರ, ಬಳ್ಳಾರಿ ಜಾಲಿ ಕಾಯಿ ದಪ್ಪ ಮತ್ತು ಹಳದಿ, ಕರಿಜಾಲಿ ಕಾಯಿ ಮಣಿ ಪೋಣಿಸಿದ ಸರದಂತೆ.

ಸೋಲಾಪುರ ಕಡೆ ದಸರೆಗೆ ಬಂಗಾರವೆಂದು ಹಂಚುವ ಸೀಳಿದ ಜೋಡಿ ಎಲೆ ಆಪಟಾ ಗಿಡದ್ದು, ಅದು ಬೇರೆಯೇ ಮರ. ಗಡಿ ಊರುಗಳಲ್ಲಿ "ಬನ್ನಿ" ಎಂದು ಕೇಳಿದರೆ ಅದರ ಬೀಜ ಕೊಟ್ಟರೂ ಕೊಟ್ಟಾರು.

ಚೀಟಿ ಬರೆದಿಡಿ

ಹತ್ತು ಬಗೆ ಬೀಜ ಹಾಕಿದಾಗ ನೆನಪು ಸಾಲದು. ಪ್ರತಿ ಸಾಲಿನ ಮೊದಲ ಚೀಲಕ್ಕೆ ತಗಡಿನ ಚೂರಿನ ಮೇಲೆ ಪೇಂಟಿನಿಂದ ಹೆಸರು, ಹಾಕಿದ ದಿನ ಬರೆದು ಚುಚ್ಚಿ. ಕಾಗದದ ಚೀಟಿ ನೀರಿಗೆ ಉಳಿಯುವುದಿಲ್ಲ. ಓದು ಬಾರದ ಅಕ್ಕಂದಿರಿದ್ದರೆ ಆಯಾ ಬೀಜದ ಒಂದೊಂದು ಕಾಯಿಯನ್ನು ದಾರದಲ್ಲಿ ಕಟ್ಟಿ. ತಾಯಿ ಗಿಡ ಎಲ್ಲಿಯದು ಎಂಬುದೂ ಸಂಘದ ಪುಸ್ತಕದಲ್ಲಿ ಇರಲಿ.

ತಿಂಗಳ ಲೆಕ್ಕ

ಡಿಸೆಂಬರ್–ಜನವರಿ: ಬೀಜ ಪರೀಕ್ಷೆ, ಚೀಲ ತುಂಬುವುದು. ಬಿತ್ತನೆ ಬೇಡ. ದೀಪಾವಳಿ ಆಸುಪಾಸು ತಿಂದ ಸೀತಾಫಲದ ಬೀಜ ಒಣಗಿಸಿ ಕಾದಿಡಿ.
ಫೆಬ್ರವರಿ–ಮಾರ್ಚ್: ಹುಣಸೆ, ಹೊಂಗೆ, ಸೀತಾಫಲ, ಕರಿಜಾಲಿ.
ಏಪ್ರಿಲ್–ಮೇ: ತೊಗರಿ ಕಟ್ಟಿಗೆಯ ಚಪ್ಪರ ಹಾಕಿ ನೆರಳು ಮಾಡಿ, ಎರಡು ಹೊತ್ತು ನೀರು.
ಜೂನ್: ಚಪ್ಪರ ಸ್ವಲ್ಪ ಸ್ವಲ್ಪವಾಗಿ ತೆಗೆದು ಸಸಿಗೆ ಬಿಸಿಲು ರೂಢಿ ಮಾಡಿಸಿ. ಬನ್ನಿ ಬೀಜ ಹಾಕಿ.
ಜೂನ್–ಜುಲೈ: ಬೇವು, ನೇರಳೆ ತಾಜಾ ಬೀಜ. ಇವು ಮುಂದಿನ ವರ್ಷದ ಮುಂಗಾರಿಗೆ ನೆಡುವ ಸಸಿಗಳು. ಚೀಲ ಆಗಾಗ ಎತ್ತಿ ಜಾಗ ಬದಲಿಸಿ, ಇಲ್ಲವಾದರೆ ಬೇರು ನೆಲಕ್ಕೆ ಇಳಿಯುತ್ತದೆ.

ನೆಡುವಾಗ ಚೀಲವನ್ನು ಬ್ಲೇಡಿನಿಂದ ಸೀಳಿ ಪೂರ್ತಿ ತೆಗೆಯಿರಿ, ಸುತ್ತಿಕೊಂಡ ಬೇರು ಕತ್ತರಿಸಿ. ಒಡ್ಡಿನ ಮೇಲೆ ನೆಟ್ಟ ಸಸಿಗೆ ಮುಳ್ಳಿನ ಬೇಲಿ ಇಲ್ಲದಿದ್ದರೆ ಅದು ಆಡಿನ ಪಾಲು. ಮೊದಲ ಬೇಸಿಗೆ ವಾರಕ್ಕೊಮ್ಮೆಯಾದರೂ ಒಂದು ಕೊಡ ನೀರು ಬೇಕು. ಹೊಲದಲ್ಲಿ ಮರ ಬೆಳೆಸುವ ರೈತರಿಗೆ ಸರ್ಕಾರದ ನೆರವು ಏನಿದೆ ಎಂದು ನಿಮ್ಮ ತಾಲ್ಲೂಕಿನ ವಲಯ ಅರಣ್ಯ ಕಚೇರಿಯಲ್ಲಿ ನೆಡುವ ಮೊದಲೇ ಕೇಳಿ.

ಕೊನೆಗೆ ಒಂದು ಮಾತು. ಬರುವ ಚಳಿಗಾಲದಲ್ಲಿ ಯಾರಾದರೂ "ಮೊಳಕಿ ಬಂದಿಲ್ಲ, ಸುರುದು ಬಿಡ್ರಿ" ಅಂದರೆ ಸುರಿಯಬೇಡಿ. ಮೊದಲು ನಾಲ್ಕು ಬೀಜ ತೆಗೆದು ಸೀಳಿ ನೋಡಿ. ಒಳಗೆ ಬೆಳ್ಳಗಿದ್ದರೆ ಚೀಲಗಳನ್ನು ಬಿಸಿಲಿನ ಗೋಡೆಗೆ ಸರಿಸಿ, ಗೋಣಿ ಹೊದಿಸಿ, ಶಿವರಾತ್ರಿ ತನಕ ತಾಳಿ. ಆ ಅಕ್ಕ ಗೋಡೆ ಬದಿಗೆ ಇಟ್ಟ ಚೀಲದ ಹುಣಸೆ ಸಸಿಗಳು ಇಂದು ಆ ಊರ ಶಾಲೆಯ ದಾರಿಗೆ ನೆರಳಾಗಿವೆ.